ಏಳು ನಿಮಿಷದ ವಾಕ್ಯ

ಶಾಂಭವಿ ಬಗ್ಗಿ ಒಳಗೆ ನುಗ್ಗುವಷ್ಟರಲ್ಲಿ ಕಲೀಮುಲ್ಲಾ ಅಂಗಡಿಯ ಶಟರನ್ನು ಮುಕ್ಕಾಲು ಪಾಲು ಇಳಿಸಿಬಿಟ್ಟಿದ್ದರು. ಶಿವಾಜಿನಗರದಲ್ಲಿ ಸಂಜೆ ನಾಲ್ಕಕ್ಕೆ ಯಾರೂ ಅಂಗಡಿ ಮುಚ್ಚುವುದಿಲ್ಲ. ಮುಚ್ಚಿದರೆ ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ಯಾರೋ ಹುಡುಕಿಕೊಂಡು ಬರುತ್ತಿರುವ ಸುದ್ದಿ ಮೊದಲೇ ಮುಟ್ಟಿರಬೇಕು.

"ಇವತ್ತು ಕೆಲಸ ಇಲ್ಲಮ್ಮ. ನಾಳೆ ಬನ್ನಿ," ಎಂದರು ಅವರು, ಬೀಗದ ಕೈ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡು.

ನಾಳೆಗೆ ಕಾಯುವ ಹಾಗಿದ್ದರೆ ಶಾಂಭವಿ ಕಮರ್ಷಿಯಲ್ ಸ್ಟ್ರೀಟಿನ ತನ್ನ ಆಫೀಸಿನಿಂದ ಏದುಸಿರು ಬಿಡುತ್ತ ನಡೆದು ಬರುತ್ತಿರಲಿಲ್ಲ. ರಿಚರ್ಡ್ಸ್ ಟೌನಿನ ಡಯಾಲಿಸಿಸ್ ಕೇಂದ್ರದಲ್ಲಿ ಮಂಗಳವಾರ ನೀರು ಕೆಟ್ಟಾಗ ಮೊಳಗಬೇಕಾದ ಎಚ್ಚರಿಕೆಯ ಗಂಟೆ ಮೊಳಗದೆ ರೋಗಿ ಭಗವಂತರಾಯರು ಸತ್ತಿದ್ದರು, ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಈರೇಶ ಪೊಲೀಸರ ವಶದಲ್ಲಿದ್ದ. ಪೊಲೀಸ್ ಕಸ್ಟಡಿ ಮುಗಿಸಿ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಕರೆತರುತ್ತಾರೆ. ಕಂಪ್ಯೂಟರಿನೊಳಗಿನ ಆ ಗಂಟೆಯನ್ನು ಅಳಿಸಿದ ಕೈ ಅವನದಲ್ಲ ಎಂದು ತೋರಿಸುವುದಕ್ಕೆ ಉಳಿದಿದ್ದದ್ದು ಇದೊಂದು ಸಂಜೆ.

ಅವಳ ಹಿಂದೆಯೇ ಶಟರಿನ ಕೆಳಗಿಂದ ಜಟ್ಟೆಮ್ಮ ನುಸುಳಿ ಬಂದಳು. ಈರೇಶನ ತಾಯಿ. ಮಗ ಕಂಪ್ಯೂಟರ್ ನೋಡುವ ಕೇಂದ್ರದಲ್ಲೇ ನೆಲ ಒರೆಸಿ, ಮೇಜು ಒರೆಸಿ, ರೋಗಿಗಳಿಗೆ ನೀರು ಕೊಡುವ ಆಯಾ. ಯಾದಗಿರಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ ಸಂಸಾರ ಇಬ್ಬರದ್ದೇ. ಮಂಗಳವಾರ ಉಟ್ಟ ಸೀರೆಯನ್ನು ಅವಳಿನ್ನೂ ಬದಲಿಸಿರಲಿಲ್ಲ. ಆಫೀಸಿನಲ್ಲೇ ಕೂತಿರಿ ಎಂದರೆ ಕೇಳದೆ, ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಶಾಂಭವಿಯ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಬಂದಿದ್ದಳು.

ಕಲೀಮುಲ್ಲಾ ಅವಳನ್ನು ನೋಡಿದರು. ನೋಡಿ, ಬೀಗದ ಕೈ ಹುಡುಕುವುದನ್ನು ನಿಲ್ಲಿಸಿದರು. ಅವರಿಗೆ ಅರವತ್ತೆರಡು ವರ್ಷ, ಇಂಥ ತಾಯಂದಿರನ್ನು ಹೊರಗೆ ನಿಲ್ಲಿಸಿ ಅಭ್ಯಾಸವಿರಲಿಲ್ಲ. ಒಂದು ಸ್ಟೂಲು ಎಳೆದು ಧೂಳು ಒರೆಸಿ ಅವಳಿಗೆ ಕೊಟ್ಟರು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅದು ಒಂದು ಕಾಲಕ್ಕೆ ಚಪ್ಪಲಿ ಅಂಗಡಿ. ಚಪ್ಪಲಿ ಜೋಡಿಸುತ್ತಿದ್ದ ಹಲಗೆಗಳ ಮೇಲೆ ಈಗ ಕಂಪ್ಯೂಟರುಗಳು ಗುಂಯ್‌ಗುಡುತ್ತಿದ್ದವು. ಫ್ರೇಜರ್ ಟೌನಿನಿಂದ ಕೆ.ಆರ್. ಪುರದವರೆಗೆ ಹನ್ನೊಂದು ಸಣ್ಣ ಆಸ್ಪತ್ರೆ, ಕ್ಲಿನಿಕ್ಕುಗಳ ಲಿನಕ್ಸ್ ಯಂತ್ರಗಳಿಗೆ ಹೊಸ ಪ್ಯಾಕೇಜು, ಅಂದರೆ ತಂತ್ರಾಂಶದ ಕಟ್ಟು, ಬೇಕಾದರೆ ಅವು ಹೊರಜಗತ್ತಿಗೆ ಹೋಗುವುದಿಲ್ಲ, ಈ ಹಲಗೆಗೆ ಬಂದು ಕೈಯೊಡ್ಡುತ್ತವೆ. ಹೊರಗಿನಿಂದ ಬಂದದ್ದನ್ನು ಕಲೀಮುಲ್ಲಾ ಮೊದಲು ಮೂಲೆಯ ಪರೀಕ್ಷೆ ಯಂತ್ರದಲ್ಲಿ ಹಾಕಿ ಗುರುವಾರ ಇಡೀ ದಿನ ಓಡಿಸಿ ನೋಡುತ್ತಾರೆ. ಯಾವುದು ಯಾವುದನ್ನು ನಂಬಿಕೊಂಡಿದೆ, ಯಾವುದು ಬಂದರೆ ಯಾವುದು ಮುರಿಯುತ್ತದೆ, ಎಲ್ಲ ನೋಡಿ, ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು ಹಲಗೆಯ ಗೇಟು ತೆಗೆಯುತ್ತಾರೆ. ಹದಿನಾಲ್ಕು ವರ್ಷದಿಂದ ನಡೆದುಬಂದ ಪದ್ಧತಿ ಇದು.

ಇವತ್ತು ಗುರುವಾರ. ಮೂಲೆಯ ಪರೀಕ್ಷೆ ಯಂತ್ರ ಆರಿತ್ತು.

ಶಾಂಭವಿ ಅದನ್ನು ನೋಡಿದಳು, ಏನೂ ಹೇಳಲಿಲ್ಲ. ಹತ್ತು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಕಂಡವರ ಹಾರ್ಡ್ ಡಿಸ್ಕುಗಳನ್ನು ಓದಿದವಳು, ಈಗ ಸ್ವಂತ ಆಫೀಸಿಟ್ಟು ಈರೇಶನ ವಕೀಲರಿಗಾಗಿ ಅದೇ ಕೆಲಸ ಮಾಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೂತರೆ ಎದುರಿನವರೇ ಬಾಯಿ ಬಿಡುತ್ತಾರೆ ಎಂಬ ಒಂದು ವಿದ್ಯೆ ಅವಳಿಗೆ ಅಲ್ಲಿ ಚೆನ್ನಾಗಿ ಹತ್ತಿತ್ತು.

ಕಲೀಮುಲ್ಲಾ ಬಾಯಿ ಬಿಡಲಿಲ್ಲ. ಕೊನೆಗೆ ಅವಳೇ ಬ್ಯಾಗಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

ಕೇಂದ್ರದ ಯಂತ್ರದಿಂದ ತೆಗೆದ ಎರಡು ದಾಖಲೆ ಅವು. ಮೊದಲನೆಯದು, ಯಾರು ಯಾವಾಗ ಅಧಿಕಾರದ ಆಜ್ಞೆ ಕೊಟ್ಟರು ಎಂಬುದನ್ನು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ಲಾಗು. ಮಂಗಳವಾರ ಹನ್ನೊಂದು ಮೂವತ್ತೆಂಟಕ್ಕೆ ಈರೇಶ ಮಾಮೂಲಿ ಅಪ್‌ಡೇಟ್ ಕೊಟ್ಟಿದ್ದ. ಯಂತ್ರ ಹದಿನಾರು ಪ್ಯಾಕೇಜು ಹೊಸದು ಮಾಡಿ, ಒಂದೇ ಒಂದು ಲೈಬ್ರರಿಯನ್ನು, ಬೇರೆ ತಂತ್ರಾಂಶಗಳು ಆತುಕೊಳ್ಳುವ ಪ್ಯಾಕೇಜನ್ನು, ಮಾತ್ರ ಮುಟ್ಟದೆ ಹಿಂದಕ್ಕೆ ಉಳಿಸಿತ್ತು. ಹನ್ನೊಂದು ನಲವತ್ತೈದಕ್ಕೆ ಅವನು ಆ ಲೈಬ್ರರಿಯನ್ನೇ ಹೆಸರು ಹಿಡಿದು ಹಾಕು ಎಂದಿದ್ದ.

ಎರಡನೆಯದು ಪ್ಯಾಕೇಜುಗಳ ಚರಿತ್ರೆ. ಯಾವುದು ಬಂತು, ಯಾವುದು ಹೋಯಿತು. ಹನ್ನೊಂದು ಐವತ್ತೆರಡಕ್ಕೆ ಲೈಬ್ರರಿ ಬಂತು. ಅದರ ಜೊತೆಗೇ ಗಂಟೆಯ ಪ್ಯಾಕೇಜು ಹೋಯಿತು. ನೀರಿನಲ್ಲಿ ಕ್ಲೋರಿನ್ ಉಳಿದರೆ ಕೂಗಿ, ಕವಾಟ ಮುಚ್ಚಬೇಕಾದದ್ದು ಅದೇ. ಒಂದೂವರೆಗೆ ನೀರು ಕೆಟ್ಟಿತು. ಮೂರನೇ ಕುರ್ಚಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಭಗವಂತರಾಯರ ರಕ್ತ ಅವರ ಮೈಯೊಳಗೇ ಒಡೆಯಿತು.

"ನಲವತ್ತೈದಕ್ಕೆ ಆಜ್ಞೆ, ಐವತ್ತೆರಡಕ್ಕೆ ಕೆಲಸ," ಎಂದಳು ಶಾಂಭವಿ. "ನಡುವೆ ಏಳು ನಿಮಿಷ. ಆ ಏಳು ನಿಮಿಷ ಯಂತ್ರ ಏನು ಮಾಡ್ತಿತ್ತು ಅಂತ ನಂಗೆ ಹೇಳಬಲ್ಲವರು ನೀವೊಬ್ರೇ ಸಾಬ್ರೇ. ಆ ಗಂಟೆ ಕಟ್ಟಿದವರು ನೀವು."

ಪೊಲೀಸರಿಗೆ ಆ ಏಳು ನಿಮಿಷ ದೊಡ್ಡ ವಿಷಯವೇ ಆಗಿರಲಿಲ್ಲ. ಈರೇಶ ಆಜ್ಞೆ ಕೊಟ್ಟ, ಎಂಟರ್ ಒತ್ತಿದ, ಎದ್ದು ಹೋದ, ಯಂತ್ರ ತನ್ನಷ್ಟಕ್ಕೆ ನಿಧಾನವಾಗಿ ಕೆಲಸ ಮುಗಿಸಿತು. ಮೆಟ್ಟಿಲಿನ ಕ್ಯಾಮೆರಾ ಕೂಡ ಹಾಗೇ ಹೇಳುತ್ತಿತ್ತು. ಹನ್ನೊಂದು ನಲವತ್ತೇಳಕ್ಕೆ ಅವನು ಕೆಳಗಿನ ನೀರಿನ ಘಟಕಕ್ಕೆ ಇಳಿದದ್ದು, ಐವತ್ತೆಂಟಕ್ಕೆ ಮೇಲೆ ಬಂದದ್ದು ಎರಡೂ ಅದರಲ್ಲಿತ್ತು. ಅವನನ್ನು ಕೇಳಿದರೆ ತಪ್ಪು ನಂದೇ ಎನ್ನುತ್ತಾನೆ, ಅದಕ್ಕಿಂತ ಹೆಚ್ಚು ಒಂದಕ್ಷರ ಆಡುವುದಿಲ್ಲ. ಅವನ ವಕೀಲ ದತ್ತು ಎರಡು ದಿನ ಎದುರು ಕೂತು ಸೋತಿದ್ದ.

ಯಂತ್ರ ಏಳು ನಿಮಿಷ ದುಡಿಯುತ್ತಿದ್ದರೆ ಈರೇಶ ಮುಳುಗಿದ. ಯಂತ್ರ ಏಳು ನಿಮಿಷ ಸುಮ್ಮನೆ ಕಾಯುತ್ತಿದ್ದರೆ, ಅದರ ಎದುರು ಇನ್ನೊಬ್ಬರು ಬಂದು ಕೂತಿದ್ದರು. ಇಡೀ ಪ್ರಕರಣ ನಿಂತಿದ್ದದ್ದು ಆ ಒಂದು ಮೊಳೆಯ ಮೇಲೆ.

ಕಲೀಮುಲ್ಲಾ ಹಾಳೆ ಮುಟ್ಟಲಿಲ್ಲ. ದೂರದಿಂದಲೇ ಓದಿದರು. ಏಳು ನಿಮಿಷ ಹೆಚ್ಚೇನಲ್ಲ, ಹಳೆಯ ಯಂತ್ರ, ಕೆಲವು ಸಲ ತಡವಾಗುತ್ತದೆ ಎಂದರು.

"ಈ ಲೈಬ್ರರಿ ನಿಮ್ಮ ಹಲಗೆಯಿಂದ ಹೋಗಿದೆ."

"ಎಲ್ಲಾ ನಮ್ಮ ಕಡೆಯಿಂದಾನೇ ಹೋಗೋದು."

"ಶುಕ್ರವಾರ ಹೋಗಬೇಕು. ಇದು ಮಂಗಳವಾರ ಬೆಳಿಗ್ಗೆ ಹೋಗಿದೆ. ಗೇಟು ಯಾರು ತೆಗೆದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕಲೀಮುಲ್ಲಾ ಹೆಗಲು ಮುಟ್ಟಿಕೊಳ್ಳಲಿಲ್ಲ, ಆದರೆ ಅವರ ಕಣ್ಣು ತಾನಾಗಿ ಮೂಲೆಯ ಆರಿದ ಯಂತ್ರದ ಕಡೆ ಹೋಯಿತು. ಶಾಂಭವಿ ಕಾದಿದ್ದದ್ದೇ ಅದಕ್ಕೆ.

ಹೊರಗೆ ಮಾಂಸದ ಅಂಗಡಿಗಳ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಶಟರಿನ ಕೆಳಗಿನ ಸಂದಿಯಲ್ಲಿ ಓಣಿಯವರ ಕಾಲುಗಳು ಮಾತ್ರ ಕಾಣುತ್ತಿದ್ದವು, ಒಂದು ಜೊತೆ ಕಾಲು ಸ್ವಲ್ಪ ಹೊತ್ತು ಅಲ್ಲೇ ನಿಂತು ಮುಂದೆ ಹೋಯಿತು. ಕಲೀಮುಲ್ಲಾ ಆ ಕಾಲು ಹೋಗುವವರೆಗೂ ಉಸಿರು ಹಿಡಿದಿದ್ದರು. ಶಾಂಭವಿಗೆ ಈಗ ಸ್ವಲ್ಪ ಭಯವೂ ಆಯಿತು. ಈ ಮನುಷ್ಯ ಅವಳಿಗೆ ಹೆದರಿ ಅಂಗಡಿ ಮುಚ್ಚಿರಲಿಲ್ಲ.

ಆಮೇಲೆ ಅವರು ಕೂತುಕೊಂಡರು, ಮಾತು ಹೊರಬಂತು. ಸೋಮವಾರ ಸಂಜೆ ಕೇಂದ್ರದ ಮ್ಯಾನೇಜರ್ ನಿತೀಶ್ ಫೋನ್ ಮಾಡಿದ್ದನಂತೆ. ಮಂಗಳವಾರ ಮಧ್ಯಾಹ್ನ ತಪಾಸಣೆಯವರು ಬರುತ್ತಾರೆ, ಅವರ ಪಟ್ಟಿಯಲ್ಲಿ ಈ ಲೈಬ್ರರಿಯ ಹೊಸ ಆವೃತ್ತಿ ಇರಲೇಬೇಕು, ಶುಕ್ರವಾರದವರೆಗೆ ಕಾಯುವ ಹಾಗಿಲ್ಲ ಎಂದನಂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಲೀಮುಲ್ಲಾ ಪರೀಕ್ಷೆ ಮಾಡದೆ ಗೇಟು ತೆಗೆದರು. ಹೊಸ ಲೈಬ್ರರಿಗೂ ಹಳೆಯ ಗಂಟೆಗೂ ಎಣ್ಣೆ ಸೀಗೆಕಾಯಿ ಎಂಬುದು ಅವರಿಗೆ ಗೊತ್ತಾದದ್ದು ಭಗವಂತರಾಯರು ಸತ್ತ ಮೇಲೆ.

"ಒಂದು ದಿನ ಹಾಕಿ ನೋಡಿದ್ರೆ ಗೊತ್ತಾಗ್ತಿತ್ತು," ಎಂದರು. "ಒಂದೇ ಒಂದು ದಿನ. ಆ ಮನುಷ್ಯನ ಜನಾಜಾ, ಅದೇ, ಅವರ ಅಂತ್ಯಕ್ರಿಯೆಗೆ ಹೋಗೋಕೂ ನಂಗೆ ಮುಖ ಇರಲಿಲ್ಲಮ್ಮ."

ಶಾಂಭವಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಕನಿಕರ. ಆದರೆ ಕನಿಕರಕ್ಕೆ ಇವತ್ತು ಪುರಸೊತ್ತಿರಲಿಲ್ಲ. ನಿಮ್ಮ ತಪ್ಪು ನೀವು ಹೇಳಿದಿರಿ, ಈಗ ಯಂತ್ರ ಏನು ಮಾಡಿತು ಹೇಳಿ ಎಂದಳು. ಅವರು ತಲೆ ಅಲ್ಲಾಡಿಸಿದರು. ಹೇಳಿದರೆ ನನ್ನ ಗೇಟಿನ ಕಥೆಯೂ ಕೋರ್ಟಿಗೆ ಹೋಗುತ್ತದೆ, ಹನ್ನೊಂದು ಆಸ್ಪತ್ರೆಯವರು ನಾಳೆಯೇ ಬಾಗಿಲು ಹಾಕುತ್ತಾರೆ, ಅದಕ್ಕಿಂತ ಹೆಚ್ಚಾಗಿ ಬುಧವಾರದಿಂದ ಯಾರೋ ಅಂಗಡಿಯ ಮುಂದೆ ಬಂದು ಬಂದು ನಿಲ್ಲುತ್ತಿದ್ದಾರೆ ಎಂದರು. ಯಾರು ಎಂದರೆ ಗೊತ್ತಿಲ್ಲ. ಮುಖ ನೋಡಿಲ್ಲ. ಬರೇ ನಿಂತು ಹೋಗುತ್ತಾರೆ. ಗೇಟಿನ ವಿಷಯ ಬಾಯಿ ಬಿಡದಂತೆ ನಿತೀಶ್ ಕಳಿಸಿದವರಿರಬೇಕು ಎಂಬುದು ಅವರ ಅನುಮಾನ.

ಆಗ ಶಾಂಭವಿ ಸ್ಟೂಲಿನ ಕಡೆ ಕೈ ತೋರಿಸಿದಳು.

"ಇವರ ಮಗ ನಾಳೆ ಜೈಲಿಗೆ ಹೋಗ್ತಾನೆ. ನೀವು ಹೇಳಲಿಲ್ಲ ಅಂದ್ರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಿಮ್ಮೆಲ್ಲರ ಬರೆ ಅವನ ಮೈಮೇಲೆ. ಅವನಿಗೆ ಕೀಬೋರ್ಡು ಹಿಡಿಯೋದು ಕಲಿಸಿದವರು ನೀವೇ ಅಲ್ವಾ?"

ಜಟ್ಟೆಮ್ಮನಿಗೆ ಅವರಿಬ್ಬರ ಮಾತಿನಲ್ಲಿ ಅರ್ಧ ತಿಳಿದಿರಲಿಲ್ಲ. ಜೈಲು ಎಂಬ ಮಾತು ತಿಳಿಯಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು, ಅಷ್ಟೇ.

ಕಲೀಮುಲ್ಲಾ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಎದ್ದು ಹೋಗಿ ಪರೀಕ್ಷೆ ಯಂತ್ರದ ಸ್ವಿಚ್ಚು ಹಾಕಿದರು.

ಯಂತ್ರ ಎದ್ದು ಕೂರಲು ಒಂದು ನಿಮಿಷ ಹಿಡಿಯಿತು. ಅದರೊಳಗೆ ಕೇಂದ್ರದ ಯಂತ್ರದ ಸೋಮವಾರದ ಪಡಿಯಚ್ಚು ಹಾಗೇ ಇತ್ತು. ಹಳೆಯ ಲೈಬ್ರರಿ, ಹಳೆಯ ಗಂಟೆ ಎರಡೂ ಇದ್ದವು. ಗಂಟೆ ಎಚ್ಚರವಾಗಿದೆ ಎಂದು ತೋರಿಸುವ ಸಣ್ಣ ಹಸಿರು ಗುರುತು ಪರದೆಯ ಮೂಲೆಯಲ್ಲಿ ಮಿನುಗಿತು.

"ಈರೇಶ ಹೊಡೆದದ್ದೇ ಹೊಡೀತೀನಿ. ನೋಡ್ಕೊಳ್ಳಿ," ಎಂದು ಅವರು ಲೈಬ್ರರಿಯ ಹೆಸರು ಹಿಡಿದು ಆಜ್ಞೆ ಕೊಟ್ಟರು.

ಯಂತ್ರ ಅವಲಂಬನೆಗಳನ್ನೆಲ್ಲ ಲೆಕ್ಕ ಹಾಕಿತು. ಹೊಸದಾಗಿ ಬರುವುದು ಒಂದು, ತೆಗೆದುಹಾಕುವುದು ಒಂದು ಎಂದು ಪಟ್ಟಿ ಕೊಟ್ಟಿತು. ಇಂಥ ಕಡೆ ಮಾಮೂಲಿಯಾಗಿ ಅದು ಹೌದೋ ಅಲ್ಲವೋ ಎಂದು ಒಂದಕ್ಷರದ ಉತ್ತರ ಕೇಳುತ್ತದೆ, ಬರೇ ಎಂಟರ್ ಒತ್ತಿದರೂ ಹೌದು ಎಂದೇ ತಿಳಿಯುತ್ತದೆ. ಪ್ರಪಂಚದಲ್ಲಿ ಎಷ್ಟೋ ಯಂತ್ರಗಳು ಹಾಳಾಗಿರುವುದು ಓದದೆ ಒತ್ತಿದ ಆ ಒಂದು ಎಂಟರಿನಿಂದ. ಈ ಸಲ ಹಾಗಾಗಲಿಲ್ಲ. ಪರದೆಯ ಮೇಲೆ ಎಚ್ಚರಿಕೆ ಬಂತು. ಅಪಾಯದ ಕೆಲಸಕ್ಕೆ ಕೈ ಹಾಕಿದ್ದೀರಿ, ಮುಂದುವರಿಯಬೇಕಾದರೆ ಈ ವಾಕ್ಯವನ್ನು ಇದ್ದ ಹಾಗೆ ಟೈಪ್ ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಕೆಳಗೆ ಒಂದು ವಾಕ್ಯ ಕೊಟ್ಟು, ಯಂತ್ರ ಸುಮ್ಮನಾಯಿತು.

ಹೌದು, ನಾನು ಹೇಳಿದಂತೆ ಮಾಡು. ಅದಷ್ಟೇ ಆ ವಾಕ್ಯದ ಅರ್ಥ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ.

ನಾಲ್ಕು ವರ್ಷದ ಹಿಂದೆ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಯಾರೋ ಓದದೆ ಎಂಟರ್ ಒತ್ತಿ ಇಡೀ ವ್ಯವಸ್ಥೆ ಅಳಿಸಿಹಾಕಿದ್ದರಂತೆ. ಅವತ್ತಿನಿಂದ ಕಲೀಮುಲ್ಲಾ ತಾವು ಕಟ್ಟುವ ಜೀವದ ಪ್ಯಾಕೇಜುಗಳಿಗೆಲ್ಲ ಒಂದು ಗುರುತು ಹಾಕುತ್ತಾರೆ, ಇದಿಲ್ಲದೆ ಯಂತ್ರವೇ ಇಲ್ಲ ಎಂಬ ಗುರುತು. ಅದನ್ನು ಅಳಿಸಹೊರಟರೆ ಯಂತ್ರ ಈ ವಾಕ್ಯ ಕೇಳುತ್ತದೆ. ಹೊಸ ಆವೃತ್ತಿಗಳಲ್ಲಿ ವಾಕ್ಯವೂ ಇಲ್ಲ, ನೇರ ಬಾಗಿಲು ಹಾಕುತ್ತದೆ, ಆ ಕೇಂದ್ರದ್ದು ಹಳೆಯ ಯಂತ್ರ ಎಂದರು.

ಶಾಂಭವಿ ಎಂಟರ್ ಒತ್ತಿದಳು. ಯಂತ್ರ ರದ್ದು ಎಂದು ಹೇಳಿ ಆಚೆ ಬಂತು. ಹಸಿರು ಗುರುತು ಹಾಗೇ ಉರಿಯುತ್ತಿತ್ತು.

ಮತ್ತೆ ಆಜ್ಞೆ ಕೊಟ್ಟರು. ಮತ್ತೆ ವಾಕ್ಯ ಬಂತು. ಈ ಸಲ ಯಾರೂ ಏನೂ ಮುಟ್ಟಲಿಲ್ಲ. ಶಾಂಭವಿ ಕೈಗಡಿಯಾರ ನೋಡುತ್ತ ನಿಂತಳು. ಒಂದು ನಿಮಿಷ, ಎರಡು, ನಾಲ್ಕು. ಬಿಳಿಯ ಚುಕ್ಕೆ ಒಂದು ಅಲ್ಲೇ ಮಿಟುಕುತ್ತಿತ್ತು, ಇಡೀ ದಿನ ಬೇಕಾದರೂ ಹಾಗೇ ಕಾಯುವಂತೆ. ಏಳು ನಿಮಿಷ ತುಂಬಿದ ಮೇಲೆ ಅವಳು ಬಗ್ಗಿ ವಾಕ್ಯವನ್ನು ಟೈಪ್ ಮಾಡಿದಳು. ಲೈಬ್ರರಿ ಬಂತು, ಗಂಟೆ ಹೋಯಿತು, ಹಸಿರು ಆರಿತು. ಒಟ್ಟು ಒಂಬತ್ತು ಸೆಕೆಂಡು.

ಹಸಿರು ಆರಿದಾಗ ಯಾವ ಸದ್ದೂ ಆಗಲಿಲ್ಲ. ಮಂಗಳವಾರವೂ ಹೀಗೇ ಆಗಿರಬೇಕು ಎನ್ನಿಸಿತು ಶಾಂಭವಿಗೆ.

ಆದರೆ ಲೆಕ್ಕ ಈಗ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ನಲವತ್ತೈದಕ್ಕೆ ಈರೇಶ ಆಜ್ಞೆ ಕೊಟ್ಟ. ವಾಕ್ಯ ಬಂತು. ಅವನು ಅದಕ್ಕೆ ಉತ್ತರ ಕೊಡಲಿಲ್ಲ, ಪ್ರಶ್ನೆಯನ್ನು ಹಾಗೇ ಬಿಟ್ಟು ನಲವತ್ತೇಳಕ್ಕೆ ಕೆಳಗಿಳಿದ. ಐವತ್ತೆರಡಕ್ಕೆ ಬೇರೊಬ್ಬರು ಆ ಕೀಬೋರ್ಡಿನ ಮುಂದೆ ನಿಂತು, ವಾಕ್ಯದ ಒಂದೊಂದು ಅಕ್ಷರವನ್ನೂ ತಪ್ಪಿಲ್ಲದೆ ಒತ್ತಿದರು. ಕೈತಪ್ಪಿ ಆಗುವ ಕೆಲಸವಲ್ಲ ಅದು. ಬೇಕೆಂದೇ ಮಾಡಿದ್ದು. ಆ ಹೊತ್ತಿಗೆ ಈರೇಶ ಮೇಲೆ ಇರಲೇ ಇಲ್ಲ, ಪೊಲೀಸರ ಕ್ಯಾಮೆರಾವೇ ಅದಕ್ಕೆ ಸಾಕ್ಷಿ.

ಬರೆದುಕೊಡಿ ಎಂದಳು ಶಾಂಭವಿ. ಕಲೀಮುಲ್ಲಾ ಈ ಸಲ ಹಿಂದೆಮುಂದೆ ನೋಡಲಿಲ್ಲ. ಒಂದು ಹಾಳೆ ತೆಗೆದು, ಮಂಗಳವಾರದ ಗೇಟಿನಿಂದ ಹಿಡಿದು ಒಂಬತ್ತು ಸೆಕೆಂಡಿನವರೆಗೆ ಎಲ್ಲವನ್ನೂ ಬರೆದು ಕೆಳಗೆ ಸಹಿ ಹಾಕಿದರು. ಹಾಕಿದ ಮೇಲೆ ಅವರ ಮುಖ ಎರಡು ದಿನದ ಹೊರೆ ಇಳಿಸಿದವರ ಹಾಗಿತ್ತು. ಅಂಗಡಿ ಹೋದರೂ ಹೋಗಲಿ, ನಾಳೆ ನಮಾಜಿಗೆ ನಿಂತಾಗ ತಲೆ ಎತ್ತಬಹುದು ಎಂದರು.

ಶಾಂಭವಿ ಹಾಳೆಯ ಫೋಟೋ ತೆಗೆದು ದತ್ತುವಿಗೆ ಕಳಿಸಿದಳು. ಐದು ನಿಮಿಷದಲ್ಲಿ ಅವನ ಫೋನ್ ಬಂತು. ದನಿಯಲ್ಲಿ ಮೂರು ದಿನದಿಂದ ಇಲ್ಲದ ಉತ್ಸಾಹವಿತ್ತು. ಠಾಣೆಯಲ್ಲೇ ಇದ್ದದ್ದರಿಂದ ಅದನ್ನು ಆಗಲೇ ಇನ್‌ಸ್ಪೆಕ್ಟರ್‌ಗೆ ತೋರಿಸಿದ್ದನಂತೆ. ಅವರು ಎರಡು ಸಲ ಓದಿ, ಇದು ನಿಜವಾದರೆ ಹುಡುಗನನ್ನು ಹಿಡಿದಿಟ್ಟುಕೊಳ್ಳಲು ನಮಗೆ ಕಾರಣವಿಲ್ಲ ಎಂದರಂತೆ. ಐವತ್ತೆರಡಕ್ಕೆ ಕೀಬೋರ್ಡಿನ ಮುಂದೆ ಇದ್ದವರು ಯಾರೋ ಅವರೇ ಕೊಲೆಗಾರ ಎಂದೂ ಹೇಳಿದರಂತೆ. ಹೇಳಿಕೆ ಪಡೆಯಲು ಈಗಲೇ ಅಂಗಡಿಗೆ ಹೊರಟಿದ್ದಾರೆ, ಇನ್ನು ಕಾಲು ಗಂಟೆ, ಪರದೆಯ ಒಂದು ಫೋಟೋ ತೆಗೆದಿಡಿ ಎಂದ.

"ನಿಮ್ಮ ಮಗ ನಾಳೆ ಮನೆಗೆ ಬರ್ತಾನಮ್ಮ," ಎಂದಳು ಶಾಂಭವಿ, ಫೋನ್ ಇಟ್ಟು.

ಹಾಗೆ ಹೇಳುವುದು ಅವಳ ಪದ್ಧತಿಯಲ್ಲ. ಕೈಗೆ ಬಂದು ಬೀಳುವವರೆಗೆ ಯಾರಿಗೂ ಯಾವ ಆಸೆಯನ್ನೂ ಕೊಟ್ಟವಳಲ್ಲ. ಇವತ್ತು ಆ ತಾಯಿಯ ಮುಖ ನೋಡಿ ಬಾಯಿ ತಡೆಯಲಿಲ್ಲ. ಜಟ್ಟೆಮ್ಮ ಎದ್ದು ಬಂದು ಎರಡೂ ಕೈ ಅವಳ ತಲೆಯ ಮೇಲಿಟ್ಟು ನೆಟಿಕೆ ಮುರಿದಳು. ಮಂಗಳವಾರದಿಂದ ಅವಳು ಅತ್ತದ್ದು ಆಗಲೇ ಮೊದಲು.

ಫೋಟೋಗಾಗಿ ಕಲೀಮುಲ್ಲಾ ಯಂತ್ರವನ್ನು ಮತ್ತೆ ಸೋಮವಾರಕ್ಕೆ ತಿರುಗಿಸಿ ಆಜ್ಞೆ ಕೊಟ್ಟರು. ಎಚ್ಚರಿಕೆ ಬಂತು, ವಾಕ್ಯ ಬಂತು, ಚುಕ್ಕೆ ಮಿಟುಕಿತು. ಶಾಂಭವಿ ಫೋನ್ ಎತ್ತಿ ಹಿಡಿದಳು.

ಜಟ್ಟೆಮ್ಮ ಕಣ್ಣೊರೆಸಿಕೊಳ್ಳುತ್ತ ಅವಳ ಭುಜದ ಪಕ್ಕದಿಂದ ಪರದೆ ನೋಡಿದಳು. ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು ಹೆಜ್ಜೆ ಬಂದು ಬೆರಳನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ಹಿಡಿದಳು.

"ಇದನ್ನ ನಾ ನೋಡೀನ್ರಿ," ಎಂದಳು.

ಎಲ್ಲಿ ಎಂದು ಶಾಂಭವಿ ಫೋನ್ ಇಳಿಸಿ ಕೇಳಿದಳು.

"ಅಲ್ಲೇ, ದವಾಖಾನ್ಯಾಗ. ಮಗನ ಮೇಜಿನ ಮ್ಯಾಲ. ಹಿಂಗಽ ಇತ್ತು. ಕಡೀಕ ಕೋಲು ನಿಂತಂಗ ಒಂದು, ಅದರ ಕೆಳಗ ಚುಕ್ಕಿ. ನಾನಽ ಒತ್ತೀನಲ್ರೀ."

ಕಲೀಮುಲ್ಲಾ ಮೇಜಿನ ಅಂಚು ಹಿಡಿದುಕೊಂಡರು.

ಶಾಂಭವಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ನಿಧಾನವಾಗಿ ಒಂದೊಂದೇ ಕೇಳಿದಳು. ಜಟ್ಟೆಮ್ಮ ಮುಚ್ಚಿಡದೆ ಹೇಳಿದಳು. ಮುಚ್ಚಿಡುವಂಥದ್ದು ಅದರಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಮೇಜು ಒರೆಸುತ್ತಿದ್ದಾಗ ಅದರ ಮೇಲಿದ್ದ ಇಂಟರ್‌ಕಾಮ್ ಬಡಿದುಕೊಂಡಿತು. ಎತ್ತಿದಳು. ಒಂದಷ್ಟು ಗುಂಡಿ ಒತ್ತಬೇಕು ಎಂದಿತು ಆ ಕಡೆಯ ದನಿ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ, ಅಕ್ಷರ ಬೇಡ, ಸಾಲು ಎಣಿಸು ಎಂದಿತು. ಮೇಲಿನ ಸಾಲಿನಲ್ಲಿ ಆರನೆಯದು, ಎಡತುದಿಯ ಉದ್ದ ಗುಂಡಿ ಅದುಮಿ ಹಿಡಿದು ಅದನ್ನು ಒತ್ತು. ಆಮೇಲೆ ಮೂರನೆಯದು. ಆಮೇಲೆ ನಡುವಿನ ಸಾಲು. ಎರಡು ಸಲ ತಪ್ಪಿತಂತೆ, ದೊಡ್ಡ ಗುಂಡಿಯಿಂದ ಅಳಿಸಿ ಮತ್ತೆ ಒತ್ತಿದಳಂತೆ. ಕೊನೆಗೆ ಶಾಭಾಸ್ ಎಂದು ಆ ಕಡೆ ಫೋನ್ ಇಟ್ಟಾಯಿತು. ಕಂಪ್ಯೂಟರ್ ಮುಟ್ಟಿದೆನಲ್ಲ ಎಂದು ಅವತ್ತು ಹನ್ನೆರಡು ಗಂಟೆಗೆ ಊಟಕ್ಕೆ ಕೂತಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಪೊಲೀಸರು ಎಂಟರ್ ಎಂಟರ್ ಎಂದದ್ದು ಕೇಳಿದ್ದಳು, ತಾನು ಒತ್ತಿದ್ದು ಅಷ್ಟೊಂದು ಗುಂಡಿ, ಅದು ಬೇರೆ ಏನೋ ಇರಬೇಕು ಎಂದುಕೊಂಡಿದ್ದಳು. ಅವಳನ್ನು ಯಾರೂ ಕೇಳಲೂ ಇರಲಿಲ್ಲ. ನೆಲ ಒರೆಸುವವಳನ್ನು ಕಂಪ್ಯೂಟರಿನ ಬಗ್ಗೆ ಯಾರು ಕೇಳುತ್ತಾರೆ?

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಆರಿದ ಹಸಿರು, ಒಂಬತ್ತು ಸೆಕೆಂಡು, ಎಲ್ಲ ಅವಳೆದುರಿಗೇ ನಡೆದಿತ್ತು. ಅಕ್ಷರ ಬಾರದಿದ್ದರೂ ಬುದ್ಧಿ ಇಲ್ಲದವಳಲ್ಲ.

"ಗಂಟಿ ಹೋಗಿದ್ದು ಇದರಿಂದನಽ ಏನ್ರಿ?" ಎಂದಳು.

ಶಾಂಭವಿ ಹೌದೆಂದು ತಲೆಯಾಡಿಸಿದಳು.

ಭಗವಂತರಾಯರು ಅವಳ ಸೀಮೆಯವರು. ವಾರಕ್ಕೆ ಮೂರು ದಿನ ಆ ಕುರ್ಚಿಯಲ್ಲಿ ಕೂತು, ಅವಳನ್ನು ಕರೆದು ಊರ ಮಾತು ಆಡಿಸುತ್ತಿದ್ದವರು. ಜಟ್ಟೆಮ್ಮ ತನ್ನ ಬಲಗೈಯ ಬೆರಳುಗಳನ್ನು ಎಡಗೈಯಿಂದ ಮುಚ್ಚಿಕೊಂಡಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ದುಃಖದ ಜೊತೆಗೆ ಇನ್ನೊಂದು ಇತ್ತು. ಅದು ಸಮಾಧಾನ.

ನಾನೇ ಒತ್ತಿದ್ದೇನೆ, ನನ್ನನ್ನೇ ಹಿಡಿಯಲಿ ಎಂದಳು ಜಟ್ಟೆಮ್ಮ. ಪೊಲೀಸರು ಬರುತ್ತಿದ್ದಾರಲ್ಲ, ಬರಲಿ, ಹೇಳುತ್ತೇನೆ. ಮಗ ಮುಟ್ಟಿಲ್ಲ ಎಂದ ಮೇಲೆ ಅವನನ್ನು ಬಿಡಲೇಬೇಕು.

ಒಂದೇ ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಇರಬಹುದಿತ್ತು ಎಂದು ಶಾಂಭವಿಗೆ ಆ ಕ್ಷಣ ಅನ್ನಿಸಿತು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಹಾಗನ್ನಿಸಿದ್ದು ಎಂದೂ ಇಲ್ಲ.

"ಫೋನಿನಲ್ಲಿ ಹೇಳಿದ್ದು ಯಾರಮ್ಮ?"

ಇದೆಂಥ ಪ್ರಶ್ನೆ ಎನ್ನುವ ಹಾಗೆ ಜಟ್ಟೆಮ್ಮ ಅವಳನ್ನು ನೋಡಿದಳು.

"ಈರೇಶ ರೀ. ಯವ್ವಾ ಅಂತ ನನ್ನ ಬ್ಯಾರೆ ಯಾರು ಕರೀತಾರ? ಕೆಳಗಿನಿಂದ ಮಾಡಿದ್ದ."

ಕಲೀಮುಲ್ಲಾ ಮೇಜಿನ ಮೇಲಿದ್ದ ತಮ್ಮ ಹೇಳಿಕೆಯ ಹಾಳೆಯನ್ನು ಎರಡೂ ಕೈಯಿಂದ ಮುಚ್ಚಿದರು. ಅದರಿಂದೇನೂ ಆಗುವಂತಿರಲಿಲ್ಲ. ಅದರ ಫೋಟೋ ಇನ್‌ಸ್ಪೆಕ್ಟರ್ ಕೈಯಲ್ಲಿತ್ತು, ಬೇರೊಬ್ಬರು ಬೇಕೆಂದೇ ಮಾಡಿದ ಕೊಲೆ ಎಂದು ಶಾಂಭವಿಯೇ ಅವರಿಗೆ ಸಾಧಿಸಿ ತೋರಿಸಿದ್ದಳು. ತಪ್ಪು ನಂದೇ ಎಂದು ಈರೇಶ ಬಾಯಿ ಮುಚ್ಚಿಕೊಂಡದ್ದು ಈ ತಾಯಿಯನ್ನು ಉಳಿಸಲು.

ದನಿ ಅವನದೇನಾ, ಖಂಡಿತಾನಾ ಎಂದು ಅವಳು ಕೇಳಿದಳು. ತಾಯಿಗೆ ಮಗನ ದನಿ ತಿಳಿಯುವುದಿಲ್ಲವೇ ಎಂದು ಜಟ್ಟೆಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಓಣಿಯ ತುದಿಯಲ್ಲಿ ಜೀಪಿನ ಹಾರ್ನ್ ಕೇಳಿಸಿತು, ತರಕಾರಿ ಗಾಡಿಯವರು ದಾರಿ ಬಿಡುತ್ತಿದ್ದರು.

"ಅಂವ ಹೇಳಿದ್ದಕ್ಕಽ ನಾ ಒತ್ತೀನಿ ಅಂತ ಈ ಸಾಹೇಬ್ರ ಮುಂದ, ನಾಳೆ ಜಡ್ಜ್ ಸಾಹೇಬ್ರ ಮುಂದ, ಎಲ್ಲಾ ಕಡೆ ಹೇಳ್ತೀನ್ರಿ," ಎಂದಳು. "ಆವಾಗ ಅಂವನ್ನ ಬಿಡ್ತಾರಲ್ರೀ?"